ಎರಡು ದಿನದ ರಜೆ

ಟೆಂಪೋ ತೋಡೂರು ದಾಟುವವರೆಗೂ ಬಾಳಾ ಯಾವ ಶಾಲೆ ಎಂದು ಕೇಳಿರಲಿಲ್ಲ. ಬೆಳಿಗ್ಗೆ ಶಿರವಾಡದ ಅಂಗಡಿಯಲ್ಲಿ ಮಾಲಕ ತುಳಸಿದಾಸ ಒಂದು ಹೈಸ್ಕೂಲಿನ ಸೆಂಡಾಫು, ಎರಡು ಬಾಕ್ಸು ಎರಡು ಮೈಕು ಸಾಕು, ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದಿದ್ದ, ಬಾಳಾ ಸುಮ್ಮನೆ ವಾಯರು ಸುತ್ತಿ ಹಾಕಿಕೊಂಡಿದ್ದ. ಮೈಕಿನ ಕೆಲಸದಲ್ಲಿ ಅವನಿಗೆ ಹಿಡಿಸಿದ್ದೇ ಇದು, ಯಾರ ಮದುವೆ, ಯಾರ ಉದ್ಘಾಟನೆ ಎಂದು ತಿಳಿಯುವ ಅಗತ್ಯವಿಲ್ಲ, ಯಾರದೋ ಮಾತನ್ನು ದೊಡ್ಡದು ಮಾಡಿ ಕೊಟ್ಟು ಬಂದರೆ ಆಯಿತು. ಸ್ಟೇರಿಂಗ್ ಹಿಡಿದ ಕಾಶಿ ಕೇಳದೆಯೇ ಹೇಳಿದ. "ಅಂಕೋಲೆ ದಾಟಿ ಬಾಳೆಗುಳಿಯಿಂದ ಒಳಗೆ ಮಾರಾಯಾ. ಹೊಳೆಬದಿ ಶಾಲೆ. ನಿಮ್ಮ ಬದಿಯೇ ಅಲ್ದನಾ?" ಬಾಳಾ ಕಿಟಕಿಯ ಕಡೆ ತಿರುಗಿದ. ಕಿಟಕಿಯ ಹೊರಗೆ ಸಮುದ್ರ ಒಂದು ಕ್ಷಣ ಕಾಣಿಸಿ ಗೋಡೆಯ ಹಿಂದೆ ಹೋಯಿತು. ಇಳಿದು ಬಿಡಲೇ ಎಂದುಕೊಂಡ. ಹೊಟ್ಟೆ ನೋವೆಂದು ಹೇಳಬಹುದಿತ್ತು. ಜ್ವರ ಎನ್ನಬಹುದಿತ್ತು. ಜ್ವರ ಎಂಬ ಶಬ್ದ ಮನಸ್ಸಿಗೆ ಬಂದದ್ದೇ ಕಿವಿಯ ಹಿಂದೆ ಬಿಸಿಯಾಯಿತು. ಎಂಟು ವರ್ಷದಿಂದ ಈ ಒಂದು ರಸ್ತೆಯನ್ನು ಎಷ್ಟು ಉಪಾಯದಿಂದ ತಪ್ಪಿಸಿಕೊಂಡು ಬಂದಿದ್ದ. ಅವ್ವಿಯನ್ನು ನೋಡಲು ಊರಿಗೆ ಹೋಗುವಾಗಲೂ ಶಾಲೆಯ ಮುಂದಿನ ದಾರಿ ಬಿಟ್ಟು ಗದ್ದೆ ಬದುವಿನ ಮೇಲೆ ಸುತ್ತು ಹಾಕಿ ಹೋಗುತ್ತಿದ್ದ. ಯಾರೂ ಅವನನ್ನು ಅಟ್ಟಿಸಿಕೊಂಡು ಬರುತ್ತಿರಲಿಲ್ಲ, ಅದೂ ಅವನಿಗೆ ಗೊತ್ತಿತ್ತು, ಸಿಟ್ಟು ಬರುತ್ತಿದ್ದದ್ದು ಅದಕ್ಕೇ.

ಶಾಲೆ ಸಣ್ಣದಾಗಿ ಕಂಡಿತು. ಹೊಸ ಬಣ್ಣ, ಹೊಸ ಗೇಟು, ಹಳೆಯ ಗಂಟೆ. ಗೇಟಿನ ಪಕ್ಕದ ಹಲಸಿನ ಮರ ಮಾತ್ರ ಇದ್ದಲ್ಲೇ ಇತ್ತು. ಅದರ ಬುಡವನ್ನು ನೋಡದೆ ಅವನು ಬಾಕ್ಸನ್ನು ಹೆಗಲಿಗೇರಿಸಿ ಒಳಗೆ ಹೋದ. ಎರಡು ಕ್ಲಾಸಿನ ನಡುವಿನ ಹಲಗೆ ಸರಿಸಿ ಹಾಲು ಮಾಡಿದ್ದರು, ಬಣ್ಣದ ಕಾಗದದ ಮಾಲೆ, ಕರಿ ಹಲಗೆಯ ಮೇಲೆ ಹೂವಿನ ಅಕ್ಷರ. ಅಕ್ಕೋರುಗಳೆಲ್ಲ ಹೊಸಬರು. ನಾಗಪತಿ ಮಾಸ್ತರೊಬ್ಬರೇ ಹಳಬರು, ಕೂದಲು ಪೂರ್ತಿ ಬೆಳ್ಳಗಾಗಿತ್ತು, ಅದೇ ಕಿಸೆಯಲ್ಲಿ ಅದೇ ಎರಡು ಪೆನ್ನು, ನೀಲಿ ಒಂದು ಕೆಂಪು ಒಂದು. ಅವರು ನೇರ ಬಾಳಾನ ಹತ್ತಿರವೇ ಬಂದರು. ಅವನ ಕೈಯಲ್ಲಿದ್ದ ವಾಯರು ತಾನಾಗಿ ಬಿಗಿಯಾಯಿತು. ಈಗ ಹೆಸರು ಹಿಡಿದು ಕರೆಯುತ್ತಾರೆ, ಎಲ್ಲರೆದುರು ಕೇಳುತ್ತಾರೆ, ಕೇಳಿದರೆ ಏನು ಹೇಳಬೇಕೆಂದು ಎಂಟು ವರ್ಷ ರಾತ್ರಿ ಹಗಲು ಹೊಸೆದಿಟ್ಟ ಮಾತುಗಳೆಲ್ಲ ಗಂಟಲಿಗೆ ಬಂದು ನಿಂತವು. ಮಾಸ್ತರು ಕನ್ನಡಕ ಸರಿಮಾಡಿಕೊಂಡು, "ಮೈಕಿನವ್ರೇ, ಕರೆಂಟು ಆ ಬದಿ ಪಾಯಿಂಟಿನಿಂದ ತಗಳಿ. ಇದು ಶಾಕ್ ಹೊಡೀತದೆ" ಎಂದು ಹೇಳಿ ಹೋದರು. ಬಹುವಚನದಲ್ಲಿ. ಆ ಬಾಯಿಂದ ಅವನಿಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ಗಡ್ಡ ಬಂದಿದೆ, ಮೈ ತುಂಬಿದೆ, ಸರಿ. ಆದರೆ ಹಗೆ ಸಾಧಿಸುವವನ ಮುಖ ಇಷ್ಟು ಸುಲಭಕ್ಕೆ ಮರೆಯುವಂಥದ್ದಾಗಿದ್ದರೆ, ಅವನು ಇಷ್ಟು ವರ್ಷ ಯಾರ ಮೇಲೆ ಹಗೆ ಸಾಧಿಸುತ್ತಿದ್ದ?

ಭಾಷಣ ಮುಗಿದವು, ಅಳುವವರು ಅತ್ತರು. ಆಮೇಲೆ ಎಲ್ಲರೂ ಕಾದಿದ್ದದ್ದು ಬಂತು. ಹತ್ತನೆಯವರು ಹೋಗುವಾಗ ಒಂಬತ್ತನೆಯವರಿಗೆ ಉಯಿಲು ಬರೆದಿಟ್ಟು ಹೋಗುವುದು ಈ ಶಾಲೆಯ ರೂಢಿ, ಬಾಳಾ ಇದ್ದಾಗಲೂ ಇತ್ತು, ಅವನು ಎಂಟನೆಯಲ್ಲಿ ಕಿಟಕಿಯಿಂದ ಇಣುಕಿ ನೋಡಿದ್ದ. ಕವನಾ ಎಂಬ ಹುಡುಗಿ ಛಾಪಾಕಾಗದದ ಹಾಗೆ ಮೇಲ್ಗಡೆ ಹಸಿರು ಬಣ್ಣ ಬಳಿದ ಉದ್ದನೆಯ ಹಾಳೆ ಹಿಡಿದು ವಕೀಲರಂತೆ ಗಂಟಲು ಸರಿಮಾಡಿಕೊಂಡಳು. "ಹತ್ತನೇ ಇಯತ್ತೆಯವರಾದ ನಾವು, ಗಣಿತದ ಪಿರಿಯಡ್ಡು ಬಿಟ್ಟು ಉಳಿದ ಹೊತ್ತಿನಲ್ಲಿ ಪೂರ್ತಿ ಎಚ್ಚರವಿದ್ದು, ಯಾರ ಒತ್ತಾಯವೂ ಇಲ್ಲದೆ ಬರೆಸಿಟ್ಟ ಉಯಿಲು." ಹಾಲು ಆಗಲೇ ನಗತೊಡಗಿತ್ತು. ಮೂರನೇ ಬೆಂಚಿನ ಮೊಳೆ, ಇದುವರೆಗೆ ಹನ್ನೊಂದು ಚಡ್ಡಿ ಹರಿದದ್ದು, ಒಂಬತ್ತನೆಯ ಹುಡುಗರಿಗೆ ಸಮಪಾಲು. ಸಾಹೇಬರು ಬಂದಾಗ ಮಾತ್ರ ತಿರುಗುವ ಫ್ಯಾನು, ಅದರ ಗಾಳಿ ಸಹಿತ, ಹುಡುಗಿಯರ ಬದಿಗೆ. ನೀರು ಕುಡಿಯಲು ಹೋಗಿ ಇಪ್ಪತ್ತು ನಿಮಿಷ ಬಾರದೆ ಇರುವ ಸಾತ್ವಿಕನ ವಿದ್ಯೆ, ಅವನ ತಮ್ಮನಿಗೆ. ಬಿಸಿಯೂಟದ ಸಾಂಬಾರಿನಲ್ಲಿ ಬೇಳೆ ಹುಡುಕುವ ತಾಳ್ಮೆ, ಬೇಕಾದವರಿಗೆ. ಶ್ರೀಕಾಂತನ ಮೀಸೆಯ ನಾಲ್ಕು ಕೂದಲಲ್ಲಿ ಎರಡು, ಇನ್ನೂ ಬಾರದವರಿಗೆ. ಬಾಳಾನಿಗೂ ನಗೆ ಬಂತು. ಬಾಕ್ಸಿನ ಹಿಂದೆ, ಗೋಡೆಗೆ ಆತುಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಕ್ಕ. ತಾನೂ ಹತ್ತನೆಯವರೆಗೆ ಇದ್ದಿದ್ದರೆ ಏನು ಬಿಟ್ಟು ಹೋಗುತ್ತಿದ್ದೆ ಎಂದು ಯೋಚಿಸಿದ, ಏನೂ ಹೊಳೆಯಲಿಲ್ಲ.

"ಕಡೇದಾಗಿ," ಎಂದಳು ಕವನಾ, ಎಲ್ಲರೂ ಒಟ್ಟಿಗೆ "ಬಾಳಾನ ರಜೆ" ಎಂದು ಕೂಗಿದರು. ಅವನ ಕೈ ಆಂಪ್ಲಿಫೈಯರಿನ ಗುಂಡಿಯ ಮೇಲಿತ್ತು. ಯಾರೋ ಬೇರೆ ಬಾಳಾ ಇರಬೇಕು. ಊರಲ್ಲಿ ಬಾಳಾಗಳಿಗೇನು ಕಮ್ಮಿ. ಕವನಾ ಪ್ಲಾಸ್ಟಿಕ್ಕಿನೊಳಗೆ ಹಾಕಿಸಿದ ಒಂದು ಕಾಗದ ಎತ್ತಿ ತೋರಿಸಿದಳು, ಪಟ್ಟಿ ಪುಸ್ತಕದಿಂದ ಹರಿದ ಹಾಳೆ, ಹರಿದ ಅಂಚು ಹಾಗೆಯೇ ಇತ್ತು. "ಎರಡೇ ದಿನದ ರಜೆ ಕೇಳಿ ಎಂಟು ವರ್ಷವಾದರೂ ಮುಗಿಸದ ಮಹಾತ್ಮ ಬಾಳಾನ ಅಮೂಲ್ಯ ಪತ್ರ. ಅಂವ ಗೋವಾದಲ್ಲಿ ಹಡಗಿನ ಮೇಲಿದ್ದಾನೆ ಅಂತ ಕೆಲವರು, ದೋಣಿ ಹಿಡಿದುಕೊಂಡೇ ಇನ್ನೂ ನಿಂತಿದ್ದಾನೆ ಅಂತ ಕೆಲವರು. ಹಿಂದಿನವರಿಗೆ ಕೇಳೂ ಹಾಗೆ ಓದ್ತೇನೆ." ಆಗ ಮಾಸ್ತರು ಕುರ್ಚಿಯಿಂದಲೇ ತಿರುಗಿ, "ಮೈಕಿನವ್ರೇ, ಸ್ವಲ್ಪ ಸೌಂಡ್ ಕೊಡಿ, ಹಿಂದೆ ಕೇಳೂದಿಲ್ಲ" ಎಂದರು. ಅವನ ಬೆರಳು ಗುಂಡಿಯನ್ನು ತಿರುಗಿಸಿತು. ಅವನು ಆಮೇಲೆ ಎಷ್ಟು ನೆನಪಿಸಿಕೊಂಡರೂ ತಿರುಗಿಸಿದ್ದು ತಾನೇ ಎಂಬುದು ಬದಲಾಗಲಿಲ್ಲ. ಎರಡು ಬಾಕ್ಸುಗಳಿಂದ, ಅವನೇ ಹೊತ್ತು ತಂದ ಬಾಕ್ಸುಗಳಿಂದ, ಅವನ ಕಾಗದ ಹೊರಟಿತು. ಮಾನ್ಯ ಗುರುಗಳಿಗೆ. ನಾಳೆ ಮತ್ತು ನಾಡಿದ್ದು ಅಮಾಸೆಯ ದೊಡ್ಡ ಇಳಿತ ಇದೆ. ನನ್ನ ಅವ್ವಿ ಬಳಚು ಹೆಕ್ಕಲು ಹೊಳೆಗೆ ಹೋಗುತ್ತಾಳೆ. ನಾನು ದೋಣಿ ಹಿಡಿದುಕೊಳ್ಳಬೇಕು. ಹಿಡಿಯದಿದ್ದರೆ ದೋಣಿ ಹೋಗುತ್ತದೆ. ಹೊಳೆಗೆ ಶಾಲೆಯ ಗಂಟೆ ಕೇಳುವುದಿಲ್ಲ. ಆದ್ದರಿಂದ ಎರಡು ದಿನ ರಜೆ ಕೊಡಬೇಕು. ನನಗೆ ಜ್ವರ ಇಲ್ಲ. 'ನನಗೆ ಜ್ವರ ಇಲ್ಲ' ಎಂಬುದನ್ನು ಇಡೀ ಹಾಲು ಕವನಾಳ ಜೊತೆ ಹಾಡಿನ ಪಲ್ಲವಿಯ ಹಾಗೆ ಹೇಳಿತು. ಬೆಂಚು ಕುಟ್ಟಿದರು. ಇಡೀ ಶಾಲೆಗೆ ಅದು ಬಾಯಿಪಾಠವಾಗಿತ್ತು.

ಎಲ್ಲರೂ ಜ್ವರ ಎಂದೇ ಬರೆಯುತ್ತಿದ್ದರು, ಇಡೀ ಒಂಬತ್ತನೆಗೆ ವರ್ಷಕ್ಕೆ ಮುನ್ನೂರು ಜ್ವರ. ಸುಳ್ಳು ಬರೆಯಬೇಡಿ, ಕಾರಣ ಇದ್ದದ್ದು ಇದ್ದ ಹಾಗೆ ಬರೆದರೆ ನಾನು ರಜೆ ಕೊಡುವುದಿಲ್ಲವೇ ಎಂದು ಮಾಸ್ತರು ಒಂದು ದಿನ ಬೇಸರದಿಂದ ಹೇಳಿದ್ದನ್ನು ನಂಬಿದವನು ಅವನೊಬ್ಬನೇ. ನಂಬಿ ಬರೆದ, ಅವ್ವಿಯ ಹೆಬ್ಬೆಟ್ಟಿಗೆ ಪೆನ್ನಿನ ರಿಫಿಲ್ಲು ಉಜ್ಜಿ ನೀಲಿ ಮಾಡಿ ಒತ್ತಿಸಿದ, ಪಾಲಕರ ಸಹಿ ಎಂದು ಅದರ ಕೆಳಗೆ ತಾನೇ ಬರೆದ. ರಜೆ ಸಿಕ್ಕಿತು. ಎರಡು ದಿನ ಸೊಂಟದವರೆಗೆ ನೀರಿನಲ್ಲಿ ನಿಂತು ಹಗ್ಗ ಹಿಡಿದ, ಅವ್ವಿ ಕೆಸರಿನೊಳಗೆ ಕಾಲಿನಿಂದಲೇ ಬಳಚು ತಡಕಿ ತೆಗೆದಳು. ಮೂರನೆಯ ಬೆಳಿಗ್ಗೆ ಅವಳು ದೊಡ್ಡ ದೊಡ್ಡದನ್ನೇ ಆರಿಸಿ ಚಿಪ್ಪು ಬಿಡಿಸಿ, ಮಾಂಸವನ್ನು ಬಾಳೆಲೆಯಲ್ಲಿ ಕಟ್ಟಿ, ಮಾಸ್ತರಿಗೆ ಕೊಡು, ರಜೆ ಕೊಟ್ಟ ಪುಣ್ಯಾತ್ಮ ಎಂದಿದ್ದಳು. ನಾಗಪತಿ ಮಾಸ್ತರಿಗೆ, ಮೀನೂ ಮುಟ್ಟದ ಘಟ್ಟದ ಬದಿಯ ಹೆಗಡೆಯವರಿಗೆ, ಬಳಚು. ಅವಳಿಗೆ ಅದು ಹೊಳೆಯಲೇ ಇಲ್ಲ, ಅವನಿಗೂ ಹೊಳೆದದ್ದು ಕ್ಲಾಸಿನ ಬಾಗಿಲ ಹತ್ತಿರ ಬಂದಾಗ, ಅದೂ ಒಳಗಿನಿಂದ ನಗೆ ಕೇಳಿದಾಗ. ಮಾಸ್ತರು ಅವನ ಕಾಗದವನ್ನು ಗಟ್ಟಿಯಾಗಿ ಓದುತ್ತಿದ್ದರು. ನನಗೆ ಜ್ವರ ಇಲ್ಲ, ಎಂದು ಓದಿ ಅವರೂ ನಕ್ಕರು. ಎಲೆಯ ಕಟ್ಟಿನಿಂದ ನೀರು ಅವನ ಮೊಣಕೈಗೆ ಇಳಿಯುತ್ತಿತ್ತು. ಒಳಗೆ ಬರಲೇ ಎಂದು ಕೇಳಲು ತೆರೆದ ಬಾಯಿ ಹಾಗೆಯೇ ಇತ್ತು. ಅವನು ತಿರುಗಿ ನಡೆದ, ಹಲಸಿನ ಮರದ ಬುಡದಲ್ಲಿ ಕಟ್ಟನ್ನು ಎಸೆದ, ಕಾಗೆಗಳು ಬರುವುದನ್ನೂ ನೋಡದೆ ಓಡಿದ.

ರಜೆ ಈ ವರ್ಷ ಯಾರ ಪಾಲು ಎಂದು ಕೂಗಾಟ ನಡೆದಿತ್ತು. ಒಂಬತ್ತನೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೈರುಹಾಜರಾದವರಿಗೆ ಅದು ಹೋಗುವುದಂತೆ. ಚಂದನಾ ಎಂಬ ಹೆಸರು ಕೂಗಿದರು. ಸಣಕಲು ಹುಡುಗಿ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಎದ್ದು ಬಂದಳು. ಬರುವಾಗ ನಗುತ್ತಲೇ ಇದ್ದಳು. ಆ ನಗು ಅವನಿಗೆ ಗೊತ್ತಿತ್ತು, ಇನ್ನೊಬ್ಬರು ನಗುವ ಮೊದಲು ತಾನೇ ನಕ್ಕುಬಿಡುವುದು. ಅವಳು ಎರಡೂ ಕೈಯಲ್ಲಿ ಕಾಗದ ತೆಗೆದುಕೊಂಡಳು, ಹಾರ ಹಾಕಿದರು, ಫೋಟೋ ಹಿಡಿದರು. ಆ ಕಾಗದದ ಕೆಳಗಿನ ಮೂಲೆಯ ನೀಲಿ ಗುರುತು ಇಷ್ಟು ದೂರಕ್ಕೂ ಅವನಿಗೆ ಕಂಡಿತು, ಅಥವಾ ಕಂಡಂತಾಯಿತು. ಎಂಟು ವರ್ಷ, ಎಂಟು ಜನರ ಕೈ, ಎಂಟು ಸಲ ಅವ್ವಿಯ ಹೆಬ್ಬೆಟ್ಟನ್ನು ಎತ್ತಿ ತೋರಿಸಿ ನಕ್ಕಿದ್ದರು. ಅವನಿಗೆ ಬೇರೆ ಏನೂ ಬೇಡವಾಗಿತ್ತು, ಆ ಕಾಗದವೊಂದು ಬೇಕಿತ್ತು. ಊಟಕ್ಕೆಂದು ಹಾಲು ಖಾಲಿಯಾದಾಗ ಚಂದನಾ ಅದನ್ನು ಬೆಂಚಿನ ಮೇಲೆ ಕಂಪಾಸು ಪೆಟ್ಟಿಗೆಯ ಕೆಳಗಿಟ್ಟು ತಟ್ಟೆ ಹಿಡಿದು ಓಡಿದ್ದಳು. ಬಾಳಾ ವಾಯರು ಸುತ್ತುತ್ತ ಆ ಬೆಂಚಿನವರೆಗೆ ಹೋದ. ಪೆಟ್ಟಿಗೆ ಎತ್ತಿದ, ಕಾಗದವನ್ನು ಅಂಗಿಯೊಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡ, ಪೆಟ್ಟಿಗೆಯನ್ನು ಇದ್ದ ಹಾಗೆಯೇ ಇಟ್ಟ. ಅವನದ್ದೇ ವಸ್ತು ಅವನು ತೆಗೆದುಕೊಂಡದ್ದು. ಆದರೂ ಕಳ್ಳನ ಹಾಗೆ ಬಾಗಿಲ ಕಡೆ ಒಮ್ಮೆ ನೋಡಿದ.

ಬಾಕ್ಸುಗಳನ್ನು ಟೆಂಪೋಕ್ಕೆ ಏರಿಸುವಾಗ ಅವಳು ಓಡಿ ಬಂದಳು. ಕೈಯಲ್ಲಿ ಪಲಾವಿನ ಎಣ್ಣೆ ಇನ್ನೂ ಇತ್ತು.

"ಅಣ್ಣಾ, ಅಲ್ಲೊಂದು ಪ್ಲಾಸ್ಟಿಕ್ಕಿನ ಕಾಗದ ಇತ್ತು. ನೋಡಿದ್ರಾ?"

"ಎಂತ ಕಾಗದ?"

"ಅದೇ, ಬಾಳಾನ ರಜೆ. ನೀವೂ ಕೇಳಿದ್ರಲ್ಲ."

"ಅದು ತಮಾಷಿದು ಅಲ್ಲ? ಹೋದ್ರೆ ಹೋಯ್ತು."

"ತಮಾಷಿದೇ," ಎಂದಳು ಅವಳು. ಆಮೇಲೆ ಕಾಶಿ ಆ ಬದಿ ಹೋದನೇ ಎಂದು ನೋಡಿ ದನಿ ತಗ್ಗಿಸಿದಳು. "ಅದಿದ್ದವ್ರಿಗೆ ಸರ್ ಕಾರಣ ಕೇಳೂದಿಲ್ಲ ಅಣ್ಣಾ. ಅದನ್ನ ಮೇಜಿನ ಮೇಲಿಟ್ರೆ ಸೈ, ಎಷ್ಟು ದಿನ ಅಂತ ಒಂದೇ ಕೇಳೂದು. ನಮ್ಮ ಆಯಿಗೆ ವಾರಕ್ಕೊಂದು ಸಲ ಕಾರವಾರ ಆಸ್ಪತ್ರೆ ಆಗ್ತದೆ. ಪ್ರತಿ ಸಲ ನಂಗೇ ಜ್ವರ ಅಂತ ಬರ್ದು ಬರ್ದು ಸಾಕಾಗಿದೆ. ಹೋದ ವರ್ಷದ ಅಕ್ಕ ಹೇಳಿದ್ಲು, ಇದು ಸಿಕ್ರೆ ಸುಳ್ಳು ಬರೆಯೂದು ತಪ್ತದೆ ಅಂತ."

ಹೊಟ್ಟೆಯ ಮೇಲೆ ಪ್ಲಾಸ್ಟಿಕ್ಕು ಬೆವರಿಗೆ ಅಂಟಿತ್ತು. ಈಗ ತೆಗೆದುಕೊಡಬೇಕಾದರೆ ಅಂಗಿಯ ಗುಂಡಿ ಬಿಚ್ಚಬೇಕಿತ್ತು. "ನಾ ನೋಡ್ಲಿಲ್ಲ" ಎಂದ. ಅವಳು ಮತ್ತೆ ಹಾಲಿನೊಳಗೆ ಹೋಗಿ ಬೆಂಚಿನ ಅಡಿಯಲ್ಲಿ ಬಗ್ಗಿ ಹುಡುಕುವುದು ಕಿಟಕಿಯಿಂದ ಕಾಣುತ್ತಿತ್ತು, ಟೆಂಪೋ ಗೇಟು ದಾಟುವವರೆಗೂ ಎರಡು ಜಡೆ ನೆಲಕ್ಕೆ ಜೋತು ಬಿದ್ದೇ ಇದ್ದವು.

ಅವ್ವಿಯನ್ನು ನೋಡಿಕೊಂಡು ನಾಳೆ ಬರುತ್ತೇನೆಂದು ಕಾಶಿಗೆ ಹೇಳಿ ಬಾಳೆಗುಳಿಯ ಹತ್ತಿರ ಇಳಿದುಕೊಂಡ. ಲಾರಿಗಳು ಘಟ್ಟದ ಕಡೆಗೆ ತಿರುಗುವ ಆ ದೊಡ್ಡ ಕೂಡುರಸ್ತೆಯಲ್ಲಿ ನಿಂತು ಅಂಗಿಯೊಳಗಿಂದ ಕಾಗದ ತೆಗೆದು ನೋಡಿದ. ಅಕ್ಷರ ಯಾರದೋ ಎಂಬ ಹಾಗಿತ್ತು, ದುಂಡಗೆ, ಒತ್ತಿ ಒತ್ತಿ ಬರೆದದ್ದು, ನಂಬುವವನ ಅಕ್ಷರ. ಕೆಳಗೆ ಅವ್ವಿಯ ಹೆಬ್ಬೆಟ್ಟು, ಒಂದೊಂದು ಗೆರೆಯೂ ಸುತ್ತಿ ಸುತ್ತಿ ಒಳಗೆ ಹೋಗುವುದು ಕಾಣುತ್ತಿತ್ತು. ಅಂದು ಓಡಿ ಮನೆಗೆ ಬಂದವನನ್ನು ಅವಳು ಯಾಕೆ ಇಷ್ಟು ಬೇಗ ಬಂದೆ, ಮಾಸ್ತರು ಏನಂದರು ಎಂದು ಕೇಳಿದ್ದಳು. ಕಾಗದ ಓದಿ ನಕ್ಕರೆಂದು ಹೇಳಲು ನಾಚಿಕೆಯಾಗಿತ್ತು, ಬರೆದವನು ಅವನೇ. ನಿನ್ನ ಹೆಬ್ಬೆಟ್ಟು ನೋಡಿ ನಕ್ಕರು ಎಂದುಬಿಟ್ಟ. ಸಹಿ ಮಾಡಲು ಬಾರದವಳ ಮಗ ಎಂದರು, ಇನ್ನು ನಾನು ಹೋಗುವುದಿಲ್ಲ ಎಂದ. ಅವಳು ಹೆಬ್ಬೆಟ್ಟನ್ನು ಸೀರೆಗೆ ಒರೆಸಿದಳು. ಮಸಿ ಹೋಗಿ ಮೂರು ದಿನವಾಗಿತ್ತು, ಆದರೂ ಒರೆಸಿದಳು. ಆಮೇಲೆ ಅವಳು ಕೂತಾಗ, ನಿಂತಾಗ, ಯಾರ ಜೊತೆ ಮಾತಾಡುವಾಗ, ಹೆಬ್ಬೆಟ್ಟನ್ನು ಉಳಿದ ನಾಲ್ಕು ಬೆರಳ ಒಳಗೆ ಮಡಚಿಟ್ಟುಕೊಳ್ಳುವುದು ರೂಢಿಯಾಯಿತು. ರೇಷನ್ನಿನ ಅಂಗಡಿಯಲ್ಲಿ ಮಿಷನ್ನಿನ ಮೇಲೆ ಒತ್ತಲು ಹೇಳಿದರೆ ಸುತ್ತ ಒಮ್ಮೆ ನೋಡಿ ಒತ್ತುತ್ತಿದ್ದಳು, ಚಿಪ್ಪಿನ ಅಂಚಿಗೆ ಸವೆದ ಬೆರಳು ಹತ್ತುತ್ತಿರಲಿಲ್ಲ, ಹಿಂದಿನ ಸಾಲಿನವರು ಗೊಣಗುತ್ತಿದ್ದರು, ತಿಂಗಳಿಗೊಮ್ಮೆ ಅವನೇ ಬಂದು ತನ್ನ ಬೆರಳು ಕೊಡಬೇಕಿತ್ತು. ಪ್ರತಿ ಸಲ ಅವನು ಮಿಷನ್ನಿಗೆ ಬೈಯುತ್ತಿದ್ದ.

ಅವ್ವಿ ಸೋಮಿ ಜಗಲಿಯಲ್ಲಿ ಕಾಲು ಚಾಚಿ ಬಳಚು ಬಿಡಿಸುತ್ತ ಕೂತಿದ್ದಳು. "ಇವತ್ತೆಂತ ಸುದ್ದಿ ಇಲ್ಲದೆ ಬಂದ್ಯಾ? ಅನ್ನಕ್ಕೆ ಇಡ್ಲಾ?" ಎಂದಳು. ಅವನು ಕಾಗದವನ್ನು ಅವಳ ಮುಂದಿನ ಚಿಪ್ಪಿನ ರಾಶಿಯ ಮೇಲಿಟ್ಟ.

"ಯಾರ್ದು ಇದು ಬಟ್ಟು?" ಅವಳು ಹೆಬ್ಬೆಟ್ಟಿನ ಗುರುತನ್ನು ಬಗ್ಗಿ ನೋಡಿದಳು. "ಚಂದ ಬಿದ್ದದೆ."

"ನಿಂದೇ ಅವ್ವಿ."

ಅವಳು ನಕ್ಕಳು, ನಂಬಲಿಲ್ಲ. ತನ್ನ ಹೆಬ್ಬೆಟ್ಟನ್ನು ಮುಷ್ಟಿಯಿಂದ ಹೊರತೆಗೆದು ಪ್ಲಾಸ್ಟಿಕ್ಕಿನ ಮೇಲೆ ನೀಲಿ ಗುರುತಿನ ಪಕ್ಕ ಇಟ್ಟಳು. ಹೊಳೆಯ ಕಲ್ಲಿನ ಹಾಗೆ ನುಣ್ಣಗಿತ್ತು ಅದು. "ಇದಾಗಿದ್ರೆ ಮಿಷನ್ನಿಗೆ ಹತ್ತಿತ್ತು" ಎಂದಳು. ಆಗ ಅವನು ಹೇಳಿದ. ನಿಂತಲ್ಲೇ, ಅಂಗಳದ ಕಡೆ ಮುಖ ಮಾಡಿ, ಮೈಕಿನವನು ಹಲೋ ಹಲೋ ಎಂದು ಪರೀಕ್ಷೆ ಮಾಡುವಂಥ ದನಿಯಲ್ಲಿ. ಬಟ್ಟು ನೋಡಿ ಯಾರೂ ನಗಲಿಲ್ಲ, ಬಟ್ಟಿನ ಮಾತೇ ಅಲ್ಲಿ ಬರಲಿಲ್ಲ, ನಕ್ಕದ್ದು ನಾನು ಬರೆದದ್ದಕ್ಕೆ, ನಾನು ನಿನಗೆ ಸುಳ್ಳು ಹೇಳಿದ್ದೆ. ಹೇಳಿ ಕಾದ. ಅವಳು ಬೈಯಬೇಕಿತ್ತು, ಚಿಪ್ಪು ತೆಗೆದು ಎಸೆಯಬೇಕಿತ್ತು. ಚಾಕು ಇನ್ನೊಂದು ಬಳಚಿನ ಸಂದಿಗೆ ಹೋಗಿ ತಿರುಗಿದ ಸಪ್ಪಳ ಕೇಳಿತು.

"ಹಂಗಾರೆ ಇಷ್ಟು ವರ್ಷ ನಾ ಇದನ್ನ ಅಡಗಿಸ್ಕಂಡು ತಿರುಗಿದ್ದು ಎಂತಕ್ಕೆ?"

ಅವಳು ಬಿಡಿಸಿದ್ದನ್ನು ಪಾತ್ರೆಗೆ ಹಾಕಿದಳು, ಉತ್ತರಕ್ಕೆ ಕಾಯಲಿಲ್ಲ. ಆಮೇಲೆ, "ಇದನ್ನ ನಿಂಗೆ ಯಾರು ಕೊಟ್ರು?" ಎಂದಳು.

"ಯಾರೂ ಕೊಡ್ಲಿಲ್ಲ. ಒಂದು ಹುಡುಗಿ ಹತ್ರ ಇತ್ತು. ತಂದೆ." ಚಂದನಾ ಹೇಳಿದ್ದನ್ನೂ ಹೇಳಿದ, ಆಸ್ಪತ್ರೆ, ಜ್ವರ, ಮೇಜು, ಎಲ್ಲ.

"ಅದ್ರ ಆಯಿನ ಕರ್ಕಂಡು ಹೋಗುಕೆ ಬೇಕಾದ ಕಾಗದ ನೀ ಹೊಟ್ಟೆಲಿ ಇಟ್ಕಂಡು ಬಂದ್ಯಾ?" ಅವಳು ಕೈ ತೊಳೆದು ಪ್ಲಾಸ್ಟಿಕ್ಕನ್ನು ಸೆರಗಿನಿಂದ ಒರೆಸಿದಳು, ಬಳಚಿನ ನೀರು ತಾಗಿದ್ದ ಕಡೆ ಎರಡೆರಡು ಸಲ. "ನಾಳೆ ಬೆಳಗಾದ್ಕೂಡ್ಲೆ ಕೊಟ್ಟು ಬಾ. ನನ್ ಬಟ್ಟಿನಿಂದ ಒಬ್ರಿಗಾದ್ರೂ ರಜೆ ಸಿಗ್ತದಲ." ಮತ್ತೆ ಅವಳು ಆ ದಿನವಿಡೀ ಅವನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸಿದಳು, ನೀರು ಕೊಟ್ಟಳು. ಚೊಂಬು ಹಿಡಿದ ಕೈಯಲ್ಲಿ ಹೆಬ್ಬೆಟ್ಟು ಹೊರಗಿತ್ತು, ಎಲ್ಲರದ್ದೂ ಇರುವ ಹಾಗೆ. ಅವನಿಗೆ ಅದನ್ನು ನೋಡಲಾಗಲಿಲ್ಲ.

ಬೆಳಿಗ್ಗೆ ಅವನು ಗದ್ದೆ ಬದುವಿನ ದಾರಿ ಹಿಡಿಯದೆ ರಸ್ತೆಯಲ್ಲೇ ಹೋದ. ಹಾಲಿನ ಹಲಗೆ ಮತ್ತೆ ಅದರ ಜಾಗಕ್ಕೆ ಬಂದಿತ್ತು, ಬಣ್ಣದ ಮಾಲೆಯ ಒಂದು ತುಂಡು ಮಾತ್ರ ಫ್ಯಾನಿಗೆ ಸಿಕ್ಕಿಕೊಂಡಿತ್ತು. ಜವಾನರ ಕೈಯಲ್ಲಿ ಕೊಟ್ಟು ತಿರುಗಿಬಿಡಬಹುದಿತ್ತು, ಜವಾನರು ಕಾಣಲಿಲ್ಲ, ಕಂಡಿದ್ದರೂ ಕೊಡುತ್ತಿದ್ದನೋ ಇಲ್ಲವೋ. ಒಂಬತ್ತನೆಯ ಕ್ಲಾಸಿನಿಂದ ನಾಗಪತಿ ಮಾಸ್ತರ ದನಿ ಬರುತ್ತಿತ್ತು. ಬಾಗಿಲಲ್ಲಿ ನಿಂತ, ಹೊಸ್ತಿಲಿನ ಅದೇ ಕಲ್ಲಿನ ಮೇಲೆ. ಕೈಯಲ್ಲಿ ಈ ಸಲ ಬಾಳೆಲೆಯ ಕಟ್ಟಿರಲಿಲ್ಲ. ನಲವತ್ತು ಮುಖಗಳು ಒಟ್ಟಿಗೆ ತಿರುಗಿದವು. ಗೋಡೆಯ ಬದಿಯಲ್ಲಿ ಎರಡು ಜಡೆಯ ಹುಡುಗಿ, ಅವನ ಕೈಯಲ್ಲಿದ್ದದ್ದನ್ನು ಕಂಡು ಅರ್ಧ ಎದ್ದಳು.

"ಏನು ಮೈಕಿನವ್ರೇ," ಎಂದರು ಮಾಸ್ತರು, "ಎಂತಾದ್ರೂ ಬಿಟ್ಟು ಹೋಗಿದ್ರಾ?"

ವಾಯರಿನ ಸುತ್ತಿನೊಳಗೆ ಸಿಕ್ಕಿತ್ತು ಎಂದು ಹೇಳುವುದೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ. ಒಳ್ಳೆಯ ಸುಳ್ಳು, ಯಾರಿಗೂ ನೋವಿಲ್ಲ. ಬಾಯಿ ತೆರೆದ.

"ನಾನು ಬಾಳಾ, ಸರ್. ರಜೆ ಮುಗೀತು."

ಹಿಂದಿನ ಬೆಂಚಿನಿಂದ ಒಬ್ಬ ಬುಸ್ಸೆಂದ, ಅಲ್ಲಿಂದ ಹಿಡಿದು ಇಡೀ ಕ್ಲಾಸು ನಕ್ಕಿತು. ಮೈಕಿನವನು ಒಳ್ಳೆಯ ತಮಾಷೆ ಮಾಡಿದನೆಂದು ಬೆಂಚು ಕುಟ್ಟಿ ನಕ್ಕರು, ಯಾರೋ ಜ್ವರ ಇಲ್ಲವೋ ಎಂದು ಕೂಗಿದರು, ಎರಡು ಜಡೆಯ ಹುಡುಗಿ ಕಾಗದ ಸಿಕ್ಕಿದ ಖುಷಿಗೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಮಾಸ್ತರ ಕೈಯ ಖಡು ಹಲಗೆಯ ಮೇಲೆ ಅರ್ಧ ಅಕ್ಷರದಲ್ಲಿ ನಿಂತಿತ್ತು. ಅವರು ನಗಲಿಲ್ಲ. ಕನ್ನಡಕ ತೆಗೆದರು, ಅಂಗಿಯ ಅಂಚಿಗೆ ಒರೆಸಿದರು, ಮತ್ತೆ ಹಾಕಿಕೊಂಡು ಅವನ ಮುಖವನ್ನು, ಗಡ್ಡವನ್ನು, ಆಮೇಲೆ ಅವನ ಕೈಯಲ್ಲಿದ್ದ ಕಾಗದವನ್ನು ನೋಡಿದರು. ಏನೋ ಹೇಳಲು ತುಟಿ ಆಡಿತು, ನಗೆಯ ಗದ್ದಲದಲ್ಲಿ ಅದು ಅವನಿಗೆ ಕೇಳಿಸಲಿಲ್ಲ. ಈ ಸಲ ಸೌಂಡು ಕೊಡಲು ಅಲ್ಲಿ ಗುಂಡಿ ಇರಲಿಲ್ಲ. ಓಡಬಾರದು ಎಂದು ಕಾಲಿಗೆ ಹೇಳಿಕೊಂಡು, ನಗೆ ನಿಲ್ಲುವವರೆಗೆ ಅವನು ಹೊಸ್ತಿಲಿನ ಕಲ್ಲಿನ ಮೇಲೆಯೇ ನಿಂತ.